ಚೊಗರಿನ ಕಲೆ, ಹಚ್ಚೆಯ ಬಣ್ಣ: ಆಳ ನೋಡಿ ಚರ್ಮದ ಆರೈಕೆ

ಅಡಿಕೆ ಸುಲಿಯುವವರ ಕೈಯನ್ನು ಕೊಯ್ಲು ಮುಗಿದ ಮೇಲೊಮ್ಮೆ ಗಮನಿಸಿ. ಮೆಟ್ಟುಗತ್ತಿಯ ಮುಂದೆ ವಾರಗಟ್ಟಲೆ ಕೂತು ಹತ್ತಿಸಿಕೊಂಡ ಚೊಗರು, ಅಂದರೆ ಅಡಿಕೆಯ ಒಗರು ರಸದ ಕಲೆ, ಸೋಪಿಗೂ ಬಗ್ಗುವುದಿಲ್ಲ, ನಿಂಬೆಹುಳಿಗೂ ಬಗ್ಗುವುದಿಲ್ಲ. ಸುಲಿಯುವುದು ನಿಂತಮೇಲೆ ತಾನಾಗಿ ಹೋಗುತ್ತದೆ. ಮೊದಲು ಕೈಯ ಹಿಂಬದಿಯದು, ಆಮೇಲೆ ಅಂಗೈಯದು, ಎಲ್ಲಕ್ಕಿಂತ ಕೊನೆಗೆ ಉಗುರಿನದು. ಅದೇ ಮನೆಯ ಅಜ್ಜಿಯ ಮುಂಗೈ ಹಚ್ಚೆ ಮಾತ್ರ ಅರವತ್ತು ವರ್ಷ ಕಳೆದರೂ ಇದ್ದಲ್ಲೇ ಇದೆ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಹತ್ತಿದ್ದು ಮೇಲಿನ ಸತ್ತ ಪದರಕ್ಕೆ, ಅದು ಉದುರಿದಾಗ ಬಣ್ಣವೂ ಉದುರಿತು. ಹಚ್ಚೆಯ ಸೂಜಿ ಒಂದೆರಡು ಮಿಲಿಮೀಟರ್ ಕೆಳಗಿಳಿದು, ಎಂದೂ ಉದುರದ ಪದರದಲ್ಲಿ ಮಸಿ ಇಟ್ಟು ಬಂದಿದೆ.

ಚರ್ಮಕ್ಕೆ ಏನೇ ಆದರೂ ಮೊದಲು ಕೇಳಬೇಕಾದ್ದು ಇದನ್ನೇ: ಎಷ್ಟು ಆಳಕ್ಕೆ ಇಳಿದಿದೆ? ಯಾವ ಮುಲಾಮು ಎಂಬುದು ಆಮೇಲಿನ ಮಾತು.

ಮೇಲಿಂದ ಕೆಳಕ್ಕೆ ಏನೇನಿದೆ

ದೊಡ್ಡವರ ಮೈಮೇಲಿನ ಚರ್ಮವನ್ನು ಬಿಡಿಸಿ ಹಾಸಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಹೊರಚರ್ಮ, ಒಳಚರ್ಮ, ಅದರಡಿಯ ಕೊಬ್ಬು ಎಂದು ಮೂರು ಅಂತಸ್ತು.

ಹೊರಚರ್ಮ ಕಣ್ಣುರೆಪ್ಪೆಯ ಮೇಲೆ ಬರೀ 0.05 ಮಿ.ಮೀ., ಅಂಗಾಲಿನಲ್ಲಿ ಸುಮಾರು 1.5 ಮಿ.ಮೀ. ದಪ್ಪ. ಇಷ್ಟರೊಳಗೇ ಮತ್ತೆ ನಾಲ್ಕೈದು ಪದರ. ಎಲ್ಲಕ್ಕೂ ಕೆಳಗಿನ ತಳಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೇಲೇರುತ್ತಾ ಒಂದಕ್ಕೊಂದು ಬಿಗಿಯಾಗಿ ಕೊಂಡಿ ಹಾಕಿಕೊಂಡು ಮುಳ್ಳುಪದರವಾಗುತ್ತವೆ. ಇನ್ನೂ ಮೇಲೆ ಕಾಳುಪದರದಲ್ಲಿ ಒಳಗಿನ ತಿರುಳು ಕಳೆದುಕೊಂಡು, ಸುತ್ತಲೂ ಜಿಡ್ಡು ಸುರಿದುಕೊಂಡು ಸಾಯುತ್ತವೆ. ಅಂಗೈ ಅಂಗಾಲಿನಲ್ಲಿ ಮಾತ್ರ ಇದರ ಮೇಲೊಂದು ತೆಳು ಹೊಳಪಿನ ಪದರ ಹೆಚ್ಚುವರಿ. ತುದಿಯಲ್ಲಿ ಇರುವುದು ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಚಪ್ಪಟೆ ಸತ್ತ ಕೋಶಗಳು, ಮೈಯ ಹೆಚ್ಚಿನ ಕಡೆ 15ರಿಂದ 20 ಸಾಲು. ಸೋಗೆ ಹೊದೆಸಿದ ಮಾಡಿನ ಹಾಗೆ ಒಂದರ ಮೇಲೊಂದು ಒರಗಿಕೊಂಡು ನೀರು ಇಳಿಯದಂತೆ ತಡೆಯುತ್ತವೆ. ಸೋಗೆಯನ್ನು ಮೇಲಿಂದ ಹೊದೆಸುತ್ತೇವೆ, ಚರ್ಮ ಕೆಳಗಿನಿಂದ ಹೊದೆಸಿಕೊಳ್ಳುತ್ತದೆ. ತಳದಲ್ಲಿ ಹುಟ್ಟಿದ ಕೋಶ ತುದಿಗೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಯಾವ ಚರ್ಮದ ಔಷಧಿಯೂ ಎರಡು ದಿನದಲ್ಲಿ ಚಮತ್ಕಾರ ತೋರಿಸದಿರುವುದು ಈ ಲೆಕ್ಕದಿಂದಲೇ. ತೋರಿಸಿತೋ, ಆ ಟ್ಯೂಬಿನ ಮೇಲೆ ಒಂದು ಅನುಮಾನ ಇಟ್ಟುಕೊಳ್ಳಿ. ಅದರ ಮಾತು ಮುಂದೆ ಬರುತ್ತದೆ.

ತಳಪದರದ ಕೋಶಗಳ ನಡುವೆ ಅಲ್ಲಲ್ಲಿ ಬಣ್ಣ ತಯಾರಿಸುವ ಮೆಲನೋಸೈಟ್‌ಗಳಿವೆ. ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ತಯಾರಾಗುವ ಬಣ್ಣದ ಕಾಳಿನ ಗಾತ್ರ ಮತ್ತು ಹಂಚಿಕೆ ಬೇರೆ ಅಷ್ಟೆ. ಮುಳ್ಳುಪದರದಲ್ಲಿ ಲಾಂಗರ್‌ಹಾನ್ಸ್ ಎಂಬ ಕಾವಲು ಕೋಶಗಳಿವೆ. ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್ 1868ರಲ್ಲಿ ಇವನ್ನು ಗುರುತಿಸಿದ. ಗೇರಿನ ಸೊನೆ ತಾಗಿದವರ ಮೈ ಎರಡು ದಿನ ಬಿಟ್ಟು ಉರಿಯುವುದಕ್ಕೆ ಇವೇ ಕಾರಣ.

ಹೊರಚರ್ಮದಲ್ಲಿ ಒಂದೇ ಒಂದು ರಕ್ತನಾಳವೂ ಇಲ್ಲ. ರಕ್ತ, ಬೆವರುಗ್ರಂಥಿ, ಕೂದಲ ಬುಡ, ಜಿಡ್ಡುಗ್ರಂಥಿ, ಹೆಚ್ಚಿನ ನರತುದಿಗಳು ಎಲ್ಲವೂ ಒಳಚರ್ಮದಲ್ಲಿ. ಇದು ಕೊಲಾಜೆನ್ ನಾರುಗಳ ಹೆಣಿಗೆ, ಚರ್ಮದ ಗಟ್ಟಿತನವೆಲ್ಲ ಇದರದ್ದೇ. ಚಪ್ಪಲಿಗೆ ಬಳಸುವ ಹದ ಮಾಡಿದ ತೊಗಲು ಎಂದರೆ ದನದ ಒಳಚರ್ಮವೇ. ಒಳಚರ್ಮದ ಮೇಲಂಚು ಸಪಾಟಾಗಿಲ್ಲ, ಸಣ್ಣ ಸಣ್ಣ ಗುಬ್ಬಿಗಳಾಗಿ ಎದ್ದು ಹೊರಚರ್ಮದ ಗುಳಿಗಳಲ್ಲಿ ಕೂತಿದೆ. ಪ್ರತಿ ಗುಬ್ಬಿಯಲ್ಲೂ ರಕ್ತದ ಒಂದು ಕುಣಿಕೆ ಇರುತ್ತದೆ. ಈ ಗುಬ್ಬಿಗಳನ್ನು ನೆನಪಿಟ್ಟುಕೊಳ್ಳಿ, ಗಾಯದ ಆಳ ಅಳೆಯುವಾಗ ಬೇಕಾಗುತ್ತವೆ.

ಗಾಯದ ಆಳ ಓದುವುದು

ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ ಮೆತ್ತುವ ಮೊದಲು ಕುಡಿಯುವ ನೀರಿನಲ್ಲಿ ಐದು ನಿಮಿಷ ತೊಳೆಯಿರಿ. ಪುಡಿ ಮೆತ್ತಿಬಿಟ್ಟರೆ ಆಮೇಲೆ ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವವರೆಗೆ ಆಳ ಯಾರಿಗೂ ಕಾಣುವುದಿಲ್ಲ.

ಗೀರು ಬಿದ್ದು ರಕ್ತ ಬರದಿದ್ದರೆ ಅದು ಹೊರಚರ್ಮದಲ್ಲೇ ನಿಂತಿದೆ, ಕಲೆಯೂ ಉಳಿಯುವುದಿಲ್ಲ. ಕೆಂಪು ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ ಅಲ್ಲಲ್ಲಿ ಜಿನುಗಿದರೆ ಗುಬ್ಬಿಗಳ ತುದಿ ತೆರೆದಿದೆ ಎಂದರ್ಥ. ಜಾರುಬಂಡೆಯ ಮೇಲೆ ಬಿದ್ದು ಮೊಣಕೈ ತರಚಿದಾಗ ಆಗುವುದು ಇದು. ತೊಳೆದು, ವ್ಯಾಸಲೀನ್ ಹಚ್ಚಿ, ಬ್ಯಾಂಡೇಜ್ ಸುತ್ತಿದರೆ ಸಾಕು. ಒಣಗಲು ಬಿಟ್ಟರೆ ಬೇಗ ಮಾಯುತ್ತದೆ ಎನ್ನುವುದು ತಪ್ಪು ನಂಬಿಕೆ: ಹೊಸ ಕೋಶಗಳು ತೇವದ ಮೇಲೆ ತೆವಳಿ ಬೇಗ ಕೂಡಿಕೊಳ್ಳುತ್ತವೆ, ಒಣ ಹಕ್ಕಳೆ ಇದ್ದರೆ ಅದರಡಿ ದಾರಿ ಹುಡುಕಬೇಕು.

ಚುಕ್ಕಿಯಾಗಿರದೆ ಧಾರೆಯಾಗಿ ಹರಿದರೆ ಒಳಚರ್ಮ ಸೀಳಿದೆ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಹತ್ತು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡುವುದೇ ರಕ್ತ ನಿಲ್ಲದಿರಲು ದೊಡ್ಡ ಕಾರಣ. ಗಾಯದ ಅಂಚು ಬಾಯಿಬಿಟ್ಟು ಒಳಗೆ ಹಳದಿ ಕಾಳು ಕಾಳಾಗಿ ಏನೋ ಕಂಡರೆ ಅದು ಕೊಬ್ಬು. ಕತ್ತಿ ಒಳಚರ್ಮವನ್ನು ಪೂರ್ತಿ ದಾಟಿದೆ. ಇದಕ್ಕೆ ಹೊಲಿಗೆ ಬೇಕೇ ಬೇಕು, ಆರೆಂಟು ಗಂಟೆಯೊಳಗೆ. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮಳೆಯಲ್ಲಿ ಹಿಡಿಯುವ ಹೊತ್ತನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೂ ಹೊಲಿಗೆ ಹಾಕುತ್ತಾರೆ. ಗೊಬ್ಬರದ ಗುಂಡಿ, ಕೊಟ್ಟಿಗೆಯಲ್ಲಿ ಆದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ಲೆಕ್ಕ ತಪ್ಪದೆ ಕೇಳಿ.

ಪುನರ್ವಸು, ಪುಷ್ಯ ಮಳೆಯಲ್ಲಿ ಕಾಲು

ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದರ ದೊಡ್ಡ ಪಾಲು ನಟ್ಟಿಯ ಹೊತ್ತಿಗೇ. ಬೆಳಿಗ್ಗೆಯಿಂದ ಸಂಜೆವರೆಗೆ ಗದ್ದೆ ಕೆಸರಿನಲ್ಲಿ ನಿಂತ ಕಾಲಿನ ಸತ್ತ ಪದರ ನೀರು ಕುಡಿದು ಬಿಳಿಚಿ ಉಬ್ಬುತ್ತದೆ. ಕೋಶಗಳ ನಡುವಿನ ಜಿಡ್ಡು ಸಡಿಲವಾಗಿ ಬೆರಳಸಂದಿ ಹಸಿ ಮೈದಾ ಹಿಟ್ಟಿನಂತೆ ಕಿತ್ತು ಬರುತ್ತದೆ. (ಬೆರಳ ತುದಿ ಸುಕ್ಕಾಗುವುದು ಬೇರೆ ವಿಷಯ. ಅದು ನರಗಳು ಒಳಗಿನ ರಕ್ತನಾಳ ಬಿಗಿ ಮಾಡುವುದರಿಂದ ಆಗುತ್ತದೆ. ನರ ಸತ್ತ ಬೆರಳು ನೀರಿನಲ್ಲಿಟ್ಟರೂ ಸುಕ್ಕಾಗುವುದಿಲ್ಲ.) ಹೀಗೆ ಸಡಿಲಗೊಂಡ ಸಂದಿಯಲ್ಲಿ ಮೊದಲು ಶಿಲೀಂಧ್ರ ಸೇರುತ್ತದೆ, ಅದು ಬಿರುಕು ಬಿಡಿಸಿದ ಮೇಲೆ ಅದರ ಬೆನ್ನಿಗೆ ಬ್ಯಾಕ್ಟೀರಿಯಾ. ಆಗ ಕಾಲೆಲ್ಲ ಕೆಂಪಗೆ ಬಿಸಿಯಾಗಿ ಊದಿ ಚಳಿಜ್ವರ ಬರುತ್ತದೆ. ಊರಿನಲ್ಲಿ ನಂಜೇರಿತು ಎನ್ನುವುದು ಇದನ್ನೇ. ಅಷ್ಟಾದಾಗ ಮನೆಮದ್ದಿನ ಕೆಲಸ ಮುಗಿಯಿತು, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಅಲ್ಲಿಯವರೆಗೆ ಬಿಡದಿರಲು, ಗದ್ದೆಗಿಳಿಯುವ ಮೊದಲು ಬೆರಳಸಂದಿ ಮತ್ತು ಹಿಮ್ಮಡಿಗೆ ಒಂದು ಟೀ ಚಮಚದಷ್ಟು ವ್ಯಾಸಲೀನ್ ಒತ್ತಿ ಹಚ್ಚಿ. ತೆಂಗಿನೆಣ್ಣೆ ತೆಳು, ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತದೆ. ಮನೆಗೆ ಬಂದಮೇಲೆ ಕಾಲನ್ನು ಬೆಚ್ಚನೆ ನೀರಿನಲ್ಲಿ ತೊಳೆಯಿರಿ, ಡೆಟ್ಟಾಲ್ ಸುರಿಯುವ ಅಗತ್ಯವಿಲ್ಲ. ಚರ್ಮದ ಮೇಲ್ಮೈ ಸ್ವಭಾವತಃ ತುಸು ಹುಳಿ, ಪಿಎಚ್ 5ರ ಆಸುಪಾಸು. ಬಟ್ಟೆ ಸೋಪು ಕ್ಷಾರ, ಅದರದ್ದು 9–10. ಅದರಲ್ಲಿ ಉಜ್ಜಿದಷ್ಟೂ ಕಾಪಾಡುವ ಜಿಡ್ಡೇ ಹೋಗುತ್ತದೆ. ಹಳೆ ಪಂಚೆಯ ತುಂಡಿನಿಂದ ನಾಲ್ಕೂ ಸಂದಿ ಒಂದೊಂದಾಗಿ ಒರೆಸಿ. ಹೆಚ್ಚಿನವರು ಪಾದ ಒರೆಸಿ ಸಂದಿ ಮರೆಯುತ್ತಾರೆ, ಹುಣ್ಣು ಶುರುವಾಗುವುದು ಕಿರುಬೆರಳ ಪಕ್ಕದ ಸಂದಿಯಿಂದಲೇ. ರಾತ್ರಿ ಎಂಟು ಗಂಟೆ ಕಾಲು ಪೂರ್ತಿ ಒಣಗಿರಬೇಕು. ಒದ್ದೆ ಗಂಬೂಟನ್ನು ಬಚ್ಚಲೊಲೆಯ ಹತ್ತಿರ ಬಾಯಿ ಕೆಳಗೆ ಮಾಡಿ ಇಡಿ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ.

ಹುಳಕಡ್ಡಿ ಮತ್ತು ಆ ಟ್ಯೂಬು

ಮಳೆಗಾಲದಲ್ಲಿ ಒಣಗದ ಒಳಉಡುಪು ಹಾಕಿದವರ ತೊಡೆಸಂದಿ, ಸೊಂಟದಲ್ಲಿ ಏಳುವ ಉಂಗುರದ ಹುಳಕಡ್ಡಿ (ಗಜಕರ್ಣ) ಸತ್ತ ಪದರದಲ್ಲಿ ಕೆರಟಿನ್ ತಿಂದು ಬದುಕುವ ಶಿಲೀಂಧ್ರ. ತುರಿಕೆ ಮಾತ್ರ ಜೀವಂತ ಪದರದ ಪ್ರತಿಭಟನೆ. ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಆ ಪ್ರತಿಭಟನೆ ಮಲಗುತ್ತದೆ, ತುರಿಕೆ ಎರಡೇ ದಿನಕ್ಕೆ ಮಾಯ. ಶಿಲೀಂಧ್ರಕ್ಕೆ ಹಬ್ಬ. ಕಾವಲಿಲ್ಲದ ತೋಟದಲ್ಲಿ ಮಂಗ ಹೊಕ್ಕ ಹಾಗೆ ಉಂಗುರದ ಅಂಚು ಅಳಿಸಿ ಹೊಟ್ಟೆ, ಬೆನ್ನೆಲ್ಲ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಒಳಚರ್ಮದ ಕೊಲಾಜೆನ್ ಸವೆದು ತೊಡೆಯಲ್ಲಿ ಬಸುರಿಯ ಹೊಟ್ಟೆಯಂಥ ಗೆರೆಗಳು ಬೀಳುತ್ತವೆ. ಅವು ಮತ್ತೆ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೈಗಿಡುವ ಟ್ಯೂಬಿನ ಹಿಂಬದಿ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್ ಎಂಬ ಸ್ಟೀರಾಯ್ಡ್ ಹೆಸರಿದ್ದರೆ ವಾಪಸ್ ಕೊಡಿ.

ಕ್ಲೋಟ್ರಿಮಜೋಲ್ ಶೇ. 1ರ ಬರಿಯ ಮುಲಾಮನ್ನು ದಿನಕ್ಕೆ ಎರಡು ಸಲ ಹಚ್ಚಿ. ಉಂಗುರದ ಒಳಗಷ್ಟೇ ಹಚ್ಚಿದರೆ ಪ್ರಯೋಜನವಿಲ್ಲ, ಅಂಚಿನಿಂದ ಎರಡು ಸೆಂ.ಮೀ. ಆಚೆಯವರೆಗೂ ಹಚ್ಚಬೇಕು. ಬೆಳೆಯುವ ಶಿಲೀಂಧ್ರ ಅಂಚಿನಲ್ಲೇ ಇರುತ್ತದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಅಗಲಕ್ಕೆ ಸಾಕು. ಕಲೆ ಹೋದಮೇಲೂ ಎರಡು ವಾರ ಬಿಡಬೇಡಿ. ಎಲ್ಲರೂ ಎಡವುವುದು ಇಲ್ಲೇ. ಒಂದು ತಿಂಗಳಾದರೂ ಬಗ್ಗದಿದ್ದರೆ, ಅಥವಾ ಮೈತುಂಬ ಹಬ್ಬಿದ್ದರೆ ಗುಳಿಗೆಯೇ ಬೇಕು, ಅದನ್ನು ಚರ್ಮವೈದ್ಯರು ನಿರ್ಧರಿಸಲಿ. ಮನೆಯವರ ಟವೆಲ್ ಬೇರೆ ಬೇರೆ ಇರಲಿ. ಬಟ್ಟೆ ಬಿಸಿಲಿಗೆ ಒಣಗದಿದ್ದರೆ ಇಸ್ತ್ರಿ ಹಾಕಿ, ಹೊಲಿಗೆಯ ಸಂದುಗಳ ಮೇಲೆ ಎರಡು ಸಲ.

ಉಂಬಳ, ಉಣುಗು

ಉಂಬಳ ಎಂದರೆ ಕಾಡಿನ ಜಿಗಣೆ, ಅದರ ಬಾಯಲ್ಲಿ ಹಲ್ಲು ಕೂತ ಮೂರು ದವಡೆ. ಹೊರಚರ್ಮ ಕೊರೆದು ಒಳಚರ್ಮದ ಗುಬ್ಬಿಗಳ ರಕ್ತ ಹೀರುತ್ತದೆ. ಹೆಪ್ಪುಗಟ್ಟದಂತೆ ಅದು ಬಿಡುವ ರಸ ಗಾಯದಲ್ಲೇ ಉಳಿಯುವುದರಿಂದ ಹುಳ ಉದುರಿದ ಮೇಲೂ ಗಂಟೆಗಟ್ಟಲೆ ಸೋರುತ್ತದೆ. ನೋಡಲು ಗಾಬರಿ, ಆಳ ಮಾತ್ರ ಅಷ್ಟಕ್ಕಷ್ಟೇ. ತೆಗೆಯುವಾಗ ತೆಳುವಾದ ತುದಿಯ ಪಕ್ಕ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿ, ಬಾಯಿ ಬಿಟ್ಟಮೇಲೆ ದಪ್ಪ ತುದಿ. ಹೊಗೆಸೊಪ್ಪು, ಸುಣ್ಣ, ಉಪ್ಪು ಹಾಕಿದರೂ ಬಿಡುತ್ತದೆ, ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಾರಬಹುದು. ಆ ಉಪ್ಪು, ಸುಣ್ಣವನ್ನು ಮುಂಚೆಯೇ ಕಾಲ್ಚೀಲಕ್ಕೆ ಸವರಿಕೊಳ್ಳುವುದು ಜಾಣತನ. ತೊಳೆದು, ಬಿಗಿಯಾಗಿ ಪಟ್ಟಿ ಕಟ್ಟಿ. ಆಮೇಲಿನ ತುರಿಕೆಗೆ ಕೆರೆದುಕೊಂಡು ಹುಣ್ಣು ಮಾಡಿಕೊಳ್ಳುವುದೇ ಉಂಬಳಕ್ಕಿಂತ ದೊಡ್ಡ ಕಾಟ.

ಉಣುಗಿನ (ಉಣ್ಣೆ) ವಿಷಯದಲ್ಲಿ ಹೀಗೆ ಹಗುರಾಗಿ ಇರಲಾಗದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ, ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋಗುವ ದಿನಗಳಲ್ಲೇ, ಎಳ್ಳುಕಾಳಿನಷ್ಟಿರುವ ಮರಿ ಉಣುಗುಗಳು ಹೆಚ್ಚು. ಇದು ಉಂಬಳದ ಹಾಗೆ ಕೊರೆದು ಕುಡಿದು ಹೋಗುವುದಿಲ್ಲ. ಹಿಮ್ಮುಖ ಮುಳ್ಳಿರುವ ಮೂತಿಯನ್ನು ಒಳಚರ್ಮದವರೆಗೆ ಹೂತು, ಅಂಟು ಸುರಿಸಿ ದಿನಗಟ್ಟಲೆ ಕೂರುತ್ತದೆ. ಸಪೂರ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನ ಎಳೆಯಿರಿ. ಹೊಟ್ಟೆ ಹಿಚುಕಬೇಡಿ, ಬೀಡಿ ಬೆಂಕಿ ತಾಗಿಸಬೇಡಿ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ತೆರೆದ ಕೈಕಾಲಿಗೆ ಹಚ್ಚಿ. ಬಂದಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನು ಕುದಿನೀರಿಗೆ ಹಾಕಿ. ಕಂಕುಳು, ಮಂಡಿಯ ಹಿಂಭಾಗ, ಸೊಂಟದ ದಾರದಡಿ, ಕಿವಿಯ ಹಿಂದೆ ಇನ್ನೊಬ್ಬರು ನೋಡಲಿ. ಒಂದು ವಾರದ ಒಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಿ.

ಗೇರು, ಸುಣ್ಣ, ಬೆಂಕಿ

ಕರಿಗೇರು, ಹೊಳಗೇರಿನ ಸೊನೆ ತಾಗಿದರೆ ತಕ್ಷಣ ಏನೂ ಆಗದಿರಬಹುದು. ಹತ್ತಿಪ್ಪತ್ತು ನಿಮಿಷದೊಳಗೆ ಸೋಪು ಹಾಕಿ ತೊಳೆದರೆ ಹೆಚ್ಚಿನದು ಹೋಗುತ್ತದೆ, ಆಮೇಲೆ ಅದು ಸತ್ತ ಪದರ ದಾಟಿ ಲಾಂಗರ್‌ಹಾನ್ಸ್ ಕೋಶಗಳ ಕೈಗೆ ಸಿಕ್ಕಿಬಿಡುತ್ತದೆ. ಗುಳ್ಳೆ ಏಳುವುದು ಒಂದರಿಂದ ಮೂರು ದಿನಕ್ಕೆ. ಗುಳ್ಳೆಯ ನೀರು ಇನ್ನೊಬ್ಬರಿಗೆ ಹರಡುವುದಿಲ್ಲ, ಕತ್ತಿಯ ಹಿಡಿಯಲ್ಲಿ ಉಳಿದ ಸೊನೆ ಹರಡುತ್ತದೆ. ನಸುಗುನ್ನಿಯದು ಬೇರೆ ಲೆಕ್ಕ: ಅದರ ರೋಮವೇ ಚುಚ್ಚಿ ಕೂತಿರುತ್ತದೆ. ಉಜ್ಜಿದರೆ ಇನ್ನಷ್ಟು ಒಳಗೆ. ಅಂಟುಟೇಪು ಒತ್ತಿ ಕಿತ್ತು, ಆಮೇಲೆ ತೊಳೆಯಿರಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಜನ ಹೆದರುವುದು ನೀಲಿ ಮೈಲುತುತ್ತಕ್ಕೆ, ಚರ್ಮಕ್ಕೆ ಹೆಚ್ಚು ಕೆಟ್ಟದ್ದು ಬಿಳಿ ಸುಣ್ಣ. ಕ್ಷಾರವು ಕೋಶಗಳ ನಡುವಿನ ಕೊಬ್ಬನ್ನು ಸೋಪಾಗಿ ಕರಗಿಸುತ್ತಾ ಕೆಳಗಿಳಿಯುತ್ತಲೇ ಹೋಗುತ್ತದೆ, ನೋವು ತಡವಾಗಿ ಬರುತ್ತದೆ. ಪುಡಿ ಬಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಆಮೇಲೆ ಹರಿಯುವ ನೀರಿನಲ್ಲಿ 20 ನಿಮಿಷ. ಹುಳಿ ಸುರಿದು ಸರಿಮಾಡಲು ಹೋಗಬೇಡಿ. ಕಣ್ಣಿಗೆ ಸಿಡಿದರೂ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ.

ಅಡಿಕೆ ಬೇಯಿಸುವ ಹಂಡೆಯ ನೀರು ಸಿಡಿದರೂ ಅದೇ 20 ನಿಮಿಷ ತಣ್ಣೀರು. ಮಂಜುಗಡ್ಡೆ, ಟೂತ್‌ಪೇಸ್ಟ್ ಬೇಡ. ಕೆಂಪಾಗಿ ಉರಿದರೆ ಹೊರಚರ್ಮದ ಸುಟ್ಟಗಾಯ. ಬೊಬ್ಬೆ ಎದ್ದರೆ ಹೊರಚರ್ಮ ಒಳಚರ್ಮದಿಂದ ಬೇರೆಯಾಗಿ ನಡುವೆ ನೀರು ತುಂಬಿದೆ. ಒಡೆಯಬೇಡಿ, ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಸಿಗುವುದಿಲ್ಲ. ಬೆಳ್ಳಗೆ ಒಣಗಿ, ಮುಟ್ಟಿದರೆ ನೋವೇ ಇಲ್ಲದಿದ್ದರೆ ಖುಷಿಪಡುವ ಹಾಗಿಲ್ಲ, ನರತುದಿ ಸಮೇತ ಒಳಚರ್ಮ ಬೆಂದಿದೆ. ಗಾಯಾಳುವಿನ ಅಂಗೈ ಬೆರಳು ಸೇರಿ ಅವನ ಮೈಯ ಸುಮಾರು ಶೇ. 1. ಅದಕ್ಕಿಂತ ದೊಡ್ಡ ಬೊಬ್ಬೆ, ಇಲ್ಲವೇ ಮುಖ, ಕೈ, ಕೀಲಿನ ಮೇಲಿನದು ಆಸ್ಪತ್ರೆ ಕಾಣಲೇಬೇಕು.

ಚಳಿಗಾಲದ ಹಿಮ್ಮಡಿ

ಅಂಗಾಲಿನಲ್ಲಿ ಬೆವರುಗ್ರಂಥಿ ಬೇಕಾದಷ್ಟಿವೆ, ಜಿಡ್ಡುಗ್ರಂಥಿ ಒಂದೂ ಇಲ್ಲ. ಡಿಸೆಂಬರ್‌ನ ಒಣಗಾಳಿಗೆ ದಪ್ಪ ಸತ್ತ ಪದರ ಬಿರುಸಾಗಿ, ಮೈಭಾರಕ್ಕೆ ಹಿಗ್ಗಲಾರದೆ ಒಡೆಯುತ್ತದೆ. ಒಡಕು ಒಳಚರ್ಮ ಮುಟ್ಟಿದ ದಿನ ರಕ್ತ, ನೋವು. ರಾತ್ರಿ 15 ನಿಮಿಷ ಬೆಚ್ಚನೆ ನೀರಿನಲ್ಲಿಟ್ಟು, ಒರಟು ಕಲ್ಲಿನಲ್ಲಿ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ. ಬ್ಲೇಡು ಬೇಡ, ಸಕ್ಕರೆ ಕಾಯಿಲೆಯವರಿಗಂತೂ ಕಲ್ಲೂ ಬೇಡ. ತೇವ ಆರುವ ಮೊದಲೇ, ಮೂರು ನಿಮಿಷದೊಳಗೆ, ಮುರುಗಲ ತುಪ್ಪ (ಮುರುಗಲ ಬೀಜದ ಗಟ್ಟಿ ಎಣ್ಣೆ) ಹಚ್ಚಿ. ಅದು ಚಳಿಗೆ ಕಲ್ಲಿನಂತೆ ಗಟ್ಟಿ, 40 ಡಿಗ್ರಿಯ ಹತ್ತಿರ ಕರಗುತ್ತದೆ. ಉಂಡೆಯನ್ನು ದೀಪದ ಮೇಲೆ ಒಂದು ಕ್ಷಣ ಹಿಡಿದು, ಒಡಕಿನೊಳಗೆ ತೊಟ್ಟಿಕ್ಕಿದರೆ ಅಲ್ಲೇ ಹೆಪ್ಪುಗಟ್ಟಿ ಬೆಣೆಯಂತೆ ಕೂರುತ್ತದೆ. ಮೇಲೆ ಹತ್ತಿ ಕಾಲ್ಚೀಲ. ಪದರ ತೀರಾ ದಪ್ಪವಿದ್ದರೆ ಶೇ. 25ರ ಯೂರಿಯಾ ಕ್ರೀಮು ಮೊದಲು, ಒಡಕು ಹಸಿ ಇದ್ದಾಗ ಅದು ಉರಿಯುತ್ತದೆ. ಗೊಬ್ಬರದ ಯೂರಿಯಾ ಕಲಸಿ ಹಚ್ಚುವ ಸಾಹಸ ಬೇಡ.

ಬಿಳಿ ಮಚ್ಚೆ ಮೂರು ಬಗೆ

ಮೈಮೇಲೆ ಬಿಳಿ ಮಚ್ಚೆ ಕಂಡರೆ ಮನೆಯಲ್ಲಿ ಮಾತೇ ನಿಂತುಹೋಗುತ್ತದೆ, ಮುಚ್ಚಿಡುವುದು ಶುರುವಾಗುತ್ತದೆ. ಮೂರು ಬೇರೆ ಆಳದ ಮೂರು ಬೇರೆ ವಿಷಯಗಳಿವು. ಹಗಲು ಬೆಳಕಿನಲ್ಲಿ ಉಗುರಿನಿಂದ ಮೆಲ್ಲನೆ ಕೆರೆಯಿರಿ. ತವುಡಿನಂಥ ಪುಡಿ ಎದ್ದರೆ ಹೆಚ್ಚಾಗಿ ಚಿಬ್ಬು. ಅದು ಸತ್ತ ಪದರದ ಶಿಲೀಂಧ್ರ, ಬೆವರುವ ಬೆನ್ನು, ಎದೆ, ಕುತ್ತಿಗೆಯ ಗಿರಾಕಿ. ಕೀಟೋಕೊನಜೋಲ್ ಶೇ. 2ರ ಶಾಂಪೂವನ್ನು ಮಚ್ಚೆಯ ಮೇಲೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ, ಐದು ದಿನ. ಶಿಲೀಂಧ್ರ ಸತ್ತಮೇಲೂ ಬಣ್ಣ ಮರಳಲು ತಿಂಗಳುಗಳು ಹಿಡಿಯುತ್ತವೆ, ಔಷಧಿ ಕೆಲಸ ಮಾಡಲಿಲ್ಲ ಎಂದುಕೊಳ್ಳಬೇಡಿ.

ಪುಡಿಯಿಲ್ಲದೆ ಹಾಲಿನಂತೆ ಬೆಳ್ಳಗಿದ್ದು, ಸ್ಪರ್ಶ ಚೆನ್ನಾಗಿದ್ದರೆ ತೊನ್ನಿರಬಹುದು. ತಳಪದರದ ಬಣ್ಣದ ಕೋಶಗಳನ್ನು ಮೈಯೇ ನಾಶ ಮಾಡಿಕೊಂಡಿರುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಮೀನು ತಿಂದು ಹಾಲು ಕುಡಿದದ್ದಕ್ಕೂ ಬರುವುದಿಲ್ಲ. ಕೂದಲ ಬುಡದಲ್ಲಿ ಉಳಿದ ಕೋಶಗಳಿಂದ ಬಣ್ಣ ಮರಳುವುದರಿಂದ, ಚಿಕಿತ್ಸೆ ಹಿಡಿಸಿದಾಗ ಮಚ್ಚೆಯೊಳಗೆ ಕೂದಲ ಸುತ್ತ ರಾಗಿಕಾಳಿನಂಥ ಚುಕ್ಕಿಗಳು ಮೊದಲು ಕಾಣುತ್ತವೆ.

ಮೂರನೆಯದು ಪೂರ್ತಿ ಬೆಳ್ಳಗಿರುವುದಿಲ್ಲ, ಮಾಸಲು ಅಥವಾ ತುಸು ಕೆಂಪು. ರೋಮ ಉದುರಿರಬಹುದು, ಆ ಜಾಗ ಬೆವರದೆ ಒಣಗಿರಬಹುದು. ಹತ್ತಿಯ ಎಳೆಯೊಂದನ್ನು ಹೊಸೆದು ಚೂಪು ಮಾಡಿ. ಕಣ್ಣು ಮುಚ್ಚಿಸಿ, ಮೊದಲು ಚೆನ್ನಾಗಿರುವ ಚರ್ಮಕ್ಕೆ ತಾಗಿಸಿ, ತಾಗಿದ ಕಡೆ ಬೆರಳಿಟ್ಟು ತೋರಿಸಲು ಹೇಳಿ. ಆಮೇಲೆ ಮಚ್ಚೆಯ ನಡುವೆ ತಾಗಿಸಿ. ಎಳೆಯನ್ನು ಎಳೆಯಬೇಡಿ, ತಾಗಿಸಿ ಎತ್ತಿ. ನಾಲ್ಕೈದು ಸಲ ತಾಗಿಸಿದರೂ ಬೆರಳು ಮಚ್ಚೆಯ ಕಡೆ ಬರದಿದ್ದರೆ ಒಳಚರ್ಮದ ನರ ಸೋತಿದೆ, ಕುಷ್ಠ ಎಂದು ಅನುಮಾನಿಸಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ವಾರ ಹೋಗಿ. ಗುಳಿಗೆ ಪುಕ್ಕಟೆ, ರೋಗದ ಹರವು ನೋಡಿ ಆರು ಅಥವಾ ಹನ್ನೆರಡು ತಿಂಗಳು. ಬಣ್ಣ ಆಮೇಲೆ ಮರಳಿದರೂ, ತಡವಾಗಿ ಹೋದರೆ ಸತ್ತ ನರ ಮರಳುವುದಿಲ್ಲ.